ಹಗಲು ಮುಚ್ಚುವ, ರಾತ್ರಿ ತೆರೆಯುವ ಕಿಟಕಿ: ವಿಜಯಪುರದ ಬಿಸಿಲಿಗೆ ಹೊಸ ಕಿಟಕಿ, ಗಾಜು ಆರಿಸುವ ಬಗೆ

ನಾನು ಮಾಡಿದ ತಪ್ಪಿನಿಂದಲೇ ಶುರು ಮಾಡುತ್ತೇನೆ. ವಿಜಯಪುರದ ನಮ್ಮ ಮನೆಯ ಪಡುವಣ ಗೋಡೆಯಲ್ಲಿದ್ದ ಹಳೆಯ ಸಾಗವಾನಿ ಕಿಟಕಿಗಳನ್ನು ಕೀಳಿಸಿ, ಆ ಜಾಗದಲ್ಲಿ ಅಲ್ಯುಮಿನಿಯಂನ ಸರಿಯುವ ಕಿಟಕಿ ಕೂಡಿಸಿದೆ. ಅದಕ್ಕೆ ಕಡು ಕಂದು ಗಾಜು. ಇನ್ನು ಬಿಸಿಲಿನ ಕಾಟ ಮುಗಿಯಿತು ಎಂದು ಅಂಗಡಿಯವರು ಹೇಳಿದ್ದರು. ಬಿಸಿಲಿನ ಬೆಳಕೇನೋ ನಿಂತಿತು, ಝಳ ನಿಲ್ಲಲಿಲ್ಲ. ಸಂಜೆ ಐದಕ್ಕೆ ಒಳಗಿನಿಂದ ಗಾಜಿನ ಮೇಲೆ ಅಂಗೈ ಇಟ್ಟರೆ ಕಾದ ಹಂಚು ಮುಟ್ಟಿದ ಹಾಗಾಗುತ್ತಿತ್ತು. ಪತ್ರಿಕೆ ಓದಲು ಮಟಮಟ ಮಧ್ಯಾಹ್ನ ದೀಪ ಹಚ್ಚಬೇಕಾಯಿತು. ರಾತ್ರಿ ತಂಗಾಳಿ ಬಿಟ್ಟಾಗ ಕಿಟಕಿ ತೆರೆಯಲು ಹೋದರೆ ತೆರೆಯುವುದು ಅರ್ಧ ಮಾತ್ರ, ಸರಿಯುವ ಕಿಟಕಿಯ ಸ್ವಭಾವವೇ ಅದು. ಎರಡನೆಯ ಏಪ್ರಿಲ್‌ನಲ್ಲಿ ಒಂದು ಗಾಜು, ಯಾರೂ ಮುಟ್ಟದೆ, ಅಂಚಿನಿಂದ ನಟ್ಟನಡುವಿನವರೆಗೆ ಸೀಳಿತು.

ಸೀಳಿದ್ದು ಏಕೆ ಎಂಬುದು ಆಮೇಲೆ ತಿಳಿಯಿತು. ಬಣ್ಣದ ಗಾಜು ಬಿಸಿಲನ್ನು ಹಿಂದಕ್ಕೆ ಅಟ್ಟುವುದಿಲ್ಲ, ತಾನೇ ಕುಡಿದು ಕಾಯುತ್ತದೆ. ಛಜ್ಜೆಯ ನೆರಳಿನಲ್ಲಿದ್ದ ಮೇಲಿನ ಪಟ್ಟಿ ತಣ್ಣಗೆ, ಕೆಳಗಿನ ಭಾಗ ಕೆಂಡ. ಒಂದೇ ಹಾಳೆಯ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದಿದ್ದರೆ, ಅಂಚಿನಲ್ಲಿ ಕತ್ತರಿಸುವಾಗ ಉಳಿದ ಸಣ್ಣ ಗೀರೂ ಸಾಕು, ಗಾಜು ಅಲ್ಲಿಂದಲೇ ಬಿರಿಯುತ್ತದೆ. ಸೀಳು ಅಂಚಿಗೆ ನೇರ ಲಂಬವಾಗಿ ಹೊರಟಿದ್ದರೆ ಅದು ಕಲ್ಲೇಟಲ್ಲ, ಕಾವಿನ ಏಟು ಎಂದು ತಿಳಿಯಬಹುದು.

ಹೀಗೆ ಎರಡು ಸಲ ದುಡ್ಡು ಕೊಟ್ಟು ಕಲಿತದ್ದನ್ನು ಕಿಟಕಿ ಬದಲಾಯಿಸಲು ಹೊರಟವರಿಗಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆ ಬೇಸಿಗೆಯ ಹಗಲು ಹೊರಗಿನ ಗಾಳಿ ಒಳಗಿನದಕ್ಕಿಂತ ಬಿಸಿ, ರಾತ್ರಿ ಒಳಗಿನದಕ್ಕಿಂತ ತಂಪು. ಆದ್ದರಿಂದ ಇಲ್ಲಿಯ ಕಿಟಕಿಗೆ ಎರಡೇ ಕೆಲಸ. ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿದರೆ ಧೂಳು, ಝಳ ನುಸುಳದಂತೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ರಾತ್ರಿ ತೆರೆದರೆ ಪೂರ್ತಿ ತೆರೆಯಬೇಕು. ಯಾವ ವಸ್ತು ನೋಡಿದರೂ, ಯಾವ ದರಪಟ್ಟಿ ಕೈಗೆ ಬಂದರೂ, ಇವೆರಡನ್ನೇ ಕೇಳಿಕೊಳ್ಳಿ.

ಮೊದಲು ಗೋಡೆಯ ದಿಕ್ಕು ನೋಡಿ

ಅಂಗಡಿಗೆ ಹೋಗುವ ಮೊದಲು ಒಂದು ದಿನ ಮನೆಯಲ್ಲೇ ಕುಳಿತು ಯಾವ ಕಿಟಕಿಗೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆ ಎಂದು ಒಂದು ಕಾಗದದಲ್ಲಿ ಬರೆದುಕೊಳ್ಳಿ. ವಿಜಯಪುರ ಹದಿನೇಳು ಡಿಗ್ರಿ ಉತ್ತರ ಅಕ್ಷಾಂಶಕ್ಕೆ ತುಸು ಕೆಳಗಿದೆ. ಮೇ ಮೊದಲ ವಾರದಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಹಾಗಾಗಿ ತೆಂಕಣ ಗೋಡೆಗೆ ಕಡು ಬೇಸಿಗೆಯಲ್ಲಿ ಬಿಸಿಲೇ ಇಲ್ಲ ಎನ್ನಬಹುದು. ಚಳಿಗಾಲದಲ್ಲಿ ಅವನು ತೆಂಕಣಕ್ಕೆ ಬಾಗಿದಾಗ ಒಳಗೆ ಬರುವ ಬಿಸಿಲು ಬೇಕಾದದ್ದೇ. ಅಲ್ಲಿ ಒಂದೂವರೆ ಅಡಿಯ ಛಜ್ಜೆ, ಸಾದಾ ಗಾಜು ಸಾಕು. ಬಡಗಣ ಕಿಟಕಿಯೂ ಹಾಗೆಯೇ.

ಕಾಟವೆಲ್ಲ ಪಡುವಣದ್ದು. ಏಪ್ರಿಲ್‌ನಲ್ಲಿ ಸಂಜೆ ನಾಲ್ಕೂವರೆಗೆ ಸೂರ್ಯ ನೆಲದಿಂದ ಸುಮಾರು ಮೂವತ್ತು ಡಿಗ್ರಿ ಮೇಲಿರುತ್ತಾನೆ. ಆ ಕೋನದಲ್ಲಿ ಒಂದೂವರೆ ಅಡಿ ಛಜ್ಜೆಯ ನೆರಳು ಕಿಟಕಿಯ ಮೇಲೆ ಒಂದು ಅಡಿಯೂ ಇಳಿಯುವುದಿಲ್ಲ. ಉಳಿದ ಗಾಜೆಲ್ಲ ಬಿಸಿಲಿಗೆ ಬಯಲು. ಮೂಡಣ ಕಿಟಕಿಗೂ ಇದೇ ಲೆಕ್ಕ, ಆದರೆ ಬೆಳಗಿನ ಹೊತ್ತು ಗೋಡೆಗಳು ಇನ್ನೂ ತಣ್ಣಗಿರುವುದರಿಂದ ಅಷ್ಟು ತ್ರಾಸಿಲ್ಲ.

ಬಾಗಲಕೋಟೆಯ ನವನಗರದಲ್ಲಿ ನನ್ನ ನೆಂಟರ ಮನೆಯಿದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಊರಿನ ಮನೆ ಬಿಟ್ಟು ಬಂದವರು. ನಿವೇಶನ ಯಾವ ಸೆಕ್ಟರ್‌ನಲ್ಲಿ, ಯಾವ ದಿಕ್ಕಿಗೆ ಸಿಕ್ಕಿತೋ ಆ ದಿಕ್ಕಿಗೇ ಮನೆ. ದಿಕ್ಕು ಬದಲಿಸಲು ಅವರಿಂದ ಆಗದು, ಆದರೆ ನಾಲ್ಕೂ ಗೋಡೆಗೆ ಒಂದೇ ಬಗೆಯ ದುಬಾರಿ ಗಾಜು ಹಾಕುವ ಬದಲು ಪಡುವಣದ ಎರಡು ಕಿಟಕಿಗೆ ಮಾತ್ರ ಖರ್ಚು ಮಾಡಿದರು. ಜಾಣತನ ಅದು.

ಹಳೆಯ ಚೌಕಟ್ಟನ್ನು ಕೀಳುವ ಮೊದಲು

ಸ್ಕ್ರೂಡ್ರೈವರ್ ತೆಗೆದುಕೊಂಡು ಚೌಕಟ್ಟಿನ ಕೆಳಗಿನ ಅಡ್ಡಪಟ್ಟಿಯನ್ನು, ಮೂಲೆಗಳನ್ನು, ಗೋಡೆಗೆ ತಗಲುವ ಕಡೆಯನ್ನು ಚುಚ್ಚಿ ನೋಡಿ. ಮೊನೆ ಸಲೀಸಾಗಿ ಒಳಗೆ ಹೋದರೆ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಟಣ್ ಎಂದು ತಡೆದರೆ ಆ ಮರ ನಿಮಗಿಂತ ಹೆಚ್ಚು ಕಾಲ ಬಾಳುತ್ತದೆ. ನಲವತ್ತು ಐವತ್ತು ವರ್ಷದ ಸಾಗವಾನಿ ಕಿಟಕಿಯಲ್ಲಿ ಹಾಳಾಗಿರುವುದು ಸಾಮಾನ್ಯವಾಗಿ ಮರವಲ್ಲ. ಬಿಜಾಗರಿ ಸಡಿಲಾಗಿರುತ್ತದೆ, ಪುಟ್ಟಿ ಉದುರಿರುತ್ತದೆ, ಬಾಗಿಲು ಚೌಕಟ್ಟಿಗೆ ಕೂಡುವಲ್ಲಿ ಸಂದು ಬಿಟ್ಟಿರುತ್ತದೆ. ಒಳ್ಳೆಯ ಬಡಿಗ ಒಂದು ದಿನದಲ್ಲಿ ಬಿಜಾಗರಿ ಬದಲಿಸಿ, ಬಾಗಿಲು ಹೆರೆದು, ಅಂಚಿಗೆ ರಬ್ಬರ್ ಪಟ್ಟಿ ಹೊಡೆದು, ಹೊಸ ಗಾಜು ಕೂಡಿಸುತ್ತಾನೆ. ನಮ್ಮ ಹಳೆಯ ಚೌಕಟ್ಟುಗಳನ್ನು ನಾನು ಗುಜರಿಯವರಿಗೆ ಕೊಟ್ಟೆ. ಅವರು ಬೆಲೆಯ ಚೌಕಾಸಿಯನ್ನೇ ಮಾಡಲಿಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ಇನ್ನೊಂದು ಮಾತು, ವಿಜಯಪುರದವರಿಗೆ ಮಾತ್ರ. ಈ ಊರಿನಲ್ಲಿ ಓಣಿಗೊಂದು ಸ್ಮಾರಕ. ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು 2010ರ ತಿದ್ದುಪಡಿಯ ನಂತರ ಕಾನೂನೇ ಹೇಳುತ್ತದೆ. ಇದ್ದ ಚೌಕಟ್ಟಿಗೆ ಗಾಜು ಬದಲಿಸುವುದಕ್ಕೆ ಹೆದರಬೇಕಿಲ್ಲ. ಆದರೆ ಗೋಡೆ ಒಡೆದು ಕಿಟಕಿ ದೊಡ್ಡದು ಮಾಡುವ ವಿಚಾರವಿದ್ದರೆ ಗೌಂಡಿಯನ್ನು ಕರೆಯುವ ಮೊದಲು ಪುರಾತತ್ವ ಇಲಾಖೆಯ ಕಚೇರಿಯಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ.

ನೆರಳು ಹೊರಗೆ ಬೇಕು

ಗಾಜಿನ ಮಾತಿಗೆ ಮೊದಲು ಇದನ್ನು ಹೇಳಲೇಬೇಕು, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಿಸಿಲು ಗಾಜು ದಾಟಿ ಒಳಗೆ ಬಂದಮೇಲೆ ಒಳಗಿನ ಪರದೆ ಅದನ್ನು ತಡೆದರೂ ಕಾವು ಕೋಣೆಯಲ್ಲೇ ಉಳಿಯುತ್ತದೆ. ಅದೇ ಪರದೆಯನ್ನು ಗಾಜಿನ ಹೊರಗೆ ಕಟ್ಟಿದರೆ ಕಾವು ಹೊರಗೇ ಚೆದುರುತ್ತದೆ. ಪಡುವಣ ಕಿಟಕಿಯ ಹೊರಗೆ ಬಿದಿರಿನ ಚಿಕ್, ಲಾವಂಚದ ತಟ್ಟಿ ಅಥವಾ ಸಿಮೆಂಟಿನ ಜಾಲರಿ, ಗಾಜಿನಿಂದ ಒಂದು ಗೇಣು ದೂರದಲ್ಲಿ, ನಡುವೆ ಗಾಳಿ ಆಡುವಂತೆ. ಅಂಗಳದಲ್ಲಿ ಜಾಗವಿದ್ದರೆ ಒಂದು ಬೇವಿನ ಗಿಡ. ಇಬ್ರಾಹಿಂ ರೋಜಾದಲ್ಲಿ ಕಲ್ಲಿನಲ್ಲೇ ಅಕ್ಷರ ಕೊರೆದು ಮಾಡಿದ ಕಿಟಕಿ ಜಾಲರಿಗಳಿವೆಯಲ್ಲ, ಮುಂದಿನ ಸಲ ಹೋದಾಗ ಅಕ್ಷರದ ಚೆಲುವಿನ ಜೊತೆಗೆ ಅಲ್ಲಿ ಬಿಸಿಲು ಹೇಗೆ ಮುರಿದು ಪುಡಿಯಾಗಿ ಒಳಗೆ ಬರುತ್ತದೆ ಎಂಬುದನ್ನೂ ಗಮನಿಸಿ. ನಾಲ್ಕು ನೂರು ವರ್ಷದ ಹಿಂದಿನ ಕುಶಲಕರ್ಮಿಗಳಿಗೆ ನಮ್ಮ ಪಡುವಣ ಬಿಸಿಲಿನ ಗುಣ ಚೆನ್ನಾಗಿ ಗೊತ್ತಿತ್ತು.

ಸರಿಯುವುದೋ, ತೆರೆಯುವುದೋ

ಸರಿಯುವ ಕಿಟಕಿ ಅಗ್ಗ, ಜಾಗ ತಿನ್ನುವುದಿಲ್ಲ, ಗಾಳಿಗೆ ಬಡಿಯುವುದಿಲ್ಲ. ಆದರೆ ಎರಡು ಹಳಿಯದಾದರೆ ಅರ್ಧ ಮಾತ್ರ ತೆರೆಯುತ್ತದೆ. ಬಾಗಿಲುಗಳ ನಡುವಿನ ಸಂದನ್ನು ಮುಚ್ಚುವುದು ಬ್ರಷ್‌ನಂಥ ಕೂದಲ ಪಟ್ಟಿ. ಜೋಳದ ರಾಶಿಯ ಕಾಲದಲ್ಲಿ ಹೊಟ್ಟು, ಧೂಳು ಅದರೊಳಗಿಂದ ಹಿಟ್ಟು ಸೋಸಿದ ಹಾಗೆ ಇಳಿಯುತ್ತವೆ. ಹಳಿಯಲ್ಲಿ ಕೂತ ಮಣ್ಣಿನಿಂದ ಚಕ್ರ ಸವೆಯುತ್ತದೆ.

ಬಿಜಾಗರಿಯ ಮೇಲೆ ಹೊರಗೆ ತೆರೆಯುವ ಕಿಟಕಿ ಪೂರ್ತಿ ತೆರೆಯುತ್ತದೆ. ಮುಚ್ಚಿದಾಗ ಬಾಗಿಲು ರಬ್ಬರ್ ಪಟ್ಟಿಯನ್ನು ಒತ್ತಿ ಹಿಡಿಯುತ್ತದೆ, ಹಿಡಿಕೆ ತಿರುಗಿಸಿದಷ್ಟೂ ಬಿಗಿ. ನಮ್ಮ ಕೆಲಸಕ್ಕೆ ಇದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ತೊಡಕುಗಳೂ ಇವೆ. ಕಬ್ಬಿಣದ ಕಂಬಿ ಹೊರಗಿದ್ದರೆ ಬಾಗಿಲು ಅದಕ್ಕೆ ತಾಗುತ್ತದೆ, ಆದ್ದರಿಂದ ಕಂಬಿ ಒಳಗೆ ಬರಬೇಕು. ಸೊಳ್ಳೆ ಜಾಲರಿಯೂ ಒಳಗಡೆಯೇ, ಬೇರೆ ಚೌಕಟ್ಟಿನಲ್ಲಿ. ಹಿಡಿಕೆಗೆ ಕೈ ಹೋಗುವಂತೆ ಅದು ತೆರೆಯಬೇಕು. ಇದನ್ನು ಮೊದಲೇ ಕಾಗದದ ಮೇಲೆ ಬಿಡಿಸಿ ತೋರಿಸದಿದ್ದರೆ ಕೊನೆಗೆ ಜಾಲರಿ, ಕಂಬಿ, ಹಿಡಿಕೆ ಮೂರೂ ಜಗಳಕ್ಕೆ ಬೀಳುತ್ತವೆ.

ಒಂದು ಬಾಗಿಲ ಅಗಲ ಎರಡು ಅಡಿಯ ಆಸುಪಾಸಿನಲ್ಲಿರಲಿ. ಗಾಜು ಭಾರದ ವಸ್ತು: ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. 60 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಬಾಗಿಲಿಗೆ 5 ಮಿ.ಮೀ. ಗಾಜು ಹಾಕಿದರೆ ಗಾಜೊಂದೇ 9 ಕಿಲೋ. ಅದೇ ಬಾಗಿಲಿಗೆ ಜೋಡಿ ಗಾಜು, ಅಂದರೆ ನಡುವೆ ಗಾಳಿ ಬಿಟ್ಟು ಕೂಡಿಸಿದ 6 ಮಿ.ಮೀ.ನ ಎರಡು ಹಾಳೆ, ಹಾಕಿದರೆ 21 ಕಿಲೋ ದಾಟುತ್ತದೆ. ಬಿಜಾಗರಿ ಎಷ್ಟು ಕಿಲೋ ಹೊರುತ್ತದೆ ಎಂದು ಕೇಳಿ, ಉತ್ತರ ತಡವರಿಸಿದರೆ ಬೇರೆ ಅಂಗಡಿ ನೋಡಿ.

ಚೌಕಟ್ಟಿನ ವಸ್ತು

ಅಲ್ಯುಮಿನಿಯಂ ಗಟ್ಟಿ, ಗೆದ್ದಲಿಲ್ಲ, ತೆಳ್ಳಗೆ ಚೆಂದ ಕಾಣುತ್ತದೆ. ಆದರೆ ಶಾಖ ಹರಿಸುವುದರಲ್ಲಿ ಮರಕ್ಕಿಂತ, ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್‌ಗಿಂತ ಸಾವಿರ ಪಟ್ಟು ಮುಂದು. ಕೊಳ್ಳುವುದಾದರೆ ಪಟ್ಟಿಯ ಗೋಡೆ ಎಷ್ಟು ಮಿಲಿಮೀಟರ್ ದಪ್ಪ ಎಂದು ಕೇಳಿ, ಕತ್ತರಿಸಿದ ತುಂಡನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ. ಬಣ್ಣ ಪೌಡರ್ ಕೋಟಿಂಗ್ ಆಗಿರಲಿ.

ಯುಪಿವಿಸಿ ಶಾಖ ಹರಿಸುವುದಿಲ್ಲ, ಮೂಲೆಗಳನ್ನು ಕರಗಿಸಿ ಬೆಸೆಯುವುದರಿಂದ ಅಲ್ಲಿ ಸಂದಿರುವುದಿಲ್ಲ. ದೌರ್ಬಲ್ಯ ಎರಡು. ಒಳಗೆ ಜಿಂಕ್ ಲೇಪಿತ ಉಕ್ಕಿನ ಪಟ್ಟಿ ಇಲ್ಲದಿದ್ದರೆ ದೊಡ್ಡ ಕಿಟಕಿ ಬಳುಕುತ್ತದೆ. ಈ ಉಕ್ಕನ್ನು ಕದಿಯುವುದು ಸುಲಭ, ಹೊರಗೆ ಕಾಣುವುದಿಲ್ಲವಲ್ಲ. ಅಯಸ್ಕಾಂತ ಇಟ್ಟು ಪರೀಕ್ಷಿಸಿ, ನಾನು ಮಕ್ಕಳ ಆಟಿಕೆಯದನ್ನೇ ಒಯ್ದಿದ್ದೆ. ಎರಡನೆಯದು ಹಿಗ್ಗುವಿಕೆ. ಎರಡು ಮೀಟರ್ ಉದ್ದದ ಪಟ್ಟಿ ಮೂವತ್ತು ಡಿಗ್ರಿ ಕಾವು ಏರಿದರೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ. ಗೋಡೆಗೆ ಬಿಗಿಯಾಗಿ ಸಿಮೆಂಟ್ ಮೆತ್ತಿದರೆ ಬಾಗಿಲು ಬೇಸಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಬಿಸಿಲಿಗೆ ಬಿಳಿ ಬಣ್ಣವೇ ಲೇಸು. ಕಡು ಮರದ ಬಣ್ಣದ್ದು ಹೆಚ್ಚು ಕಾಯುತ್ತದೆ, ಹೆಚ್ಚು ಹಿಗ್ಗುತ್ತದೆ.

ಹೊಸ ಸಾಗವಾನಿ ಈ ಮೂರರಲ್ಲಿ ದುಬಾರಿ. ಹಳೆಯದು ಮನೆಯಲ್ಲೇ ಇದ್ದರೆ ಅದಕ್ಕಿಂತ ಅಗ್ಗವಾದದ್ದು ಯಾವುದೂ ಇಲ್ಲ.

ಗಾಜು

ಗಾಜಿನ ಅಂಗಡಿಯಲ್ಲಿ ಎರಡು ಅಂಕಿಗಳನ್ನು ಕೇಳಿ. ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು ಎಸ್‌ಎಚ್‌ಜಿಸಿ. ಒಳಗಿನ, ಹೊರಗಿನ ಗಾಳಿಯ ಕಾವಿನ ಅಂತರದಿಂದ ಎಷ್ಟು ಶಾಖ ಗಾಜಿನ ಮೂಲಕ ಹರಿಯುತ್ತದೆ ಎಂಬುದು ಯು ಮೌಲ್ಯ. ಎರಡೂ ಕಡಿಮೆಯಿದ್ದಷ್ಟು ಒಳ್ಳೆಯದು, ಆದರೆ ನಮಗೆ ಮೊದಲನೆಯದೇ ಮುಖ್ಯ. ಏಕೆಂದು ಲೆಕ್ಕ ಹಾಕಿ ತೋರಿಸುತ್ತೇನೆ.

ಒಂದೂವರೆ ಚದರ ಮೀಟರ್ ಗಾಜಿರುವ ಪಡುವಣ ಕಿಟಕಿ. ಸಂಜೆ ಪ್ರತಿ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತಿದೆ ಎಂದುಕೊಳ್ಳಿ. ಸಾದಾ ಗಾಜಿನ ಎಸ್‌ಎಚ್‌ಜಿಸಿ ಸುಮಾರು 0.8. ಒಳಗೆ ಬರುವುದು 720 ವ್ಯಾಟ್, ಅಂದರೆ ಒಂದು ಇಸ್ತ್ರಿ ಪೆಟ್ಟಿಗೆ ಕೋಣೆಯಲ್ಲಿ ಉರಿಯುತ್ತಿದ್ದ ಹಾಗೆ. ಇನ್ನು ಗಾಳಿಯ ಕಾವು: ಹೊರಗೆ 40, ಒಳಗೆ 30 ಡಿಗ್ರಿ ಇದ್ದರೆ, ಸಾದಾ ಗಾಜಿನ ಯು ಮೌಲ್ಯ 5.7ರಂತೆ, ಬರುವುದು 85 ವ್ಯಾಟ್ ಮಾತ್ರ. ಈಗ ಇದೇ ಜಾಗದಲ್ಲಿ ಲೇಪನವಿಲ್ಲದ ಸಾದಾ ಜೋಡಿ ಗಾಜು ಹಾಕಿ. ಯು ಮೌಲ್ಯ 2.8ಕ್ಕೆ ಇಳಿದು 85 ಇದ್ದದ್ದು 42 ಆಯಿತು, ಭಾರೀ ಉಳಿತಾಯ! ಆದರೆ ಎಸ್‌ಎಚ್‌ಜಿಸಿ ಇಳಿಯುವುದು 0.7ರ ಆಸುಪಾಸಿಗೆ ಅಷ್ಟೇ. 630 ವ್ಯಾಟ್ ಇನ್ನೂ ಒಳಗೆ ಸುರಿಯುತ್ತಲೇ ಇದೆ. ಜೋಡಿ ಗಾಜಿನ ಹೆಸರಿನಲ್ಲಿ ದೊಡ್ಡ ಮೊತ್ತ ತೆತ್ತು ಸೆಕೆಯನ್ನು ಶಪಿಸುವವರ ಕಥೆ ಇದೇ. ಹಿಮ ಬೀಳುವ ಊರುಗಳಿಗೆ ಜೋಡಿ ಗಾಜು ವರ. ನಮಗೆ ಅದು ಬೇಕಾಗುವುದು ಹಗಲೆಲ್ಲ ಏಸಿ ಓಡುವ ಕೋಣೆಗೆ, ಅದೂ ಬಿಸಿಲು ತಡೆಯುವ ಲೇಪನ ಇದ್ದರೆ ಮಾತ್ರ. ಲೋ-ಇ ಎಂಬ ಲೇಪನದ ಹೆಸರು ಕೇಳಿಯೂ ಮರುಳಾಗಬೇಡಿ. ಅದರಲ್ಲಿ ಬಿಸಿಲನ್ನು ಒಳಗೆ ಬಿಟ್ಟು ಕೋಣೆಯ ಬೆಚ್ಚನ್ನು ಹಿಡಿದಿಡುವ ಚಳಿನಾಡಿನ ಬಗೆಯೂ ಉಂಟು. ಎಸ್‌ಎಚ್‌ಜಿಸಿ ಎಷ್ಟು ಎಂಬುದೊಂದೇ ಪ್ರಶ್ನೆ.

ಹೊರಗೆ ನೆರಳು ಕಟ್ಟಲು ಆಗದ ಪಡುವಣ ಕಿಟಕಿಗೆ 5 ಅಥವಾ 6 ಮಿ.ಮೀ.ನ ಒಂಟಿ ಗಾಜು, ಬಿಸಿಲು ಹಿಂದಿರುಗಿಸುವ ಲೇಪನದ್ದು, ಎಸ್‌ಎಚ್‌ಜಿಸಿ 0.4ರ ಒಳಗೆ ಇರಲಿ. ಬೆಳಕು ಎಷ್ಟು ಪಾಲು ಒಳಬರುತ್ತದೆ ಎಂಬ ಅಂಕಿಯನ್ನೂ ನೋಡಿ. ಅದು ತೀರಾ ಕಡಿಮೆಯಾದರೆ ನನ್ನ ಹಾಗೆ ಹಗಲು ದೀಪ ಹಚ್ಚಬೇಕಾಗುತ್ತದೆ. ಮಾದರಿ ತುಂಡನ್ನು ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ, ಮನೆಗೆ ತಂದು ಅದೇ ಕಿಟಕಿಯಲ್ಲಿ ಸಂಜೆ ಹಿಡಿದು ನೋಡಿ. ಕನ್ನಡಿಯಂಥ ಗಾಜು ಹಗಲು ಹೊರಗಿನವರಿಗೆ ಒಳಗಿನದನ್ನು ತೋರಿಸುವುದಿಲ್ಲ ನಿಜ. ರಾತ್ರಿ ದೀಪ ಹಚ್ಚಿದ ಕೂಡಲೇ ಆಟ ತಿರುವುಮುರುವಾಗುತ್ತದೆ: ನಿಮಗೆ ಹೊರಗಿನದು ಕಾಣದು, ಓಣಿಗೆಲ್ಲ ನಿಮ್ಮ ಊಟದ ತಟ್ಟೆ ಕಾಣುತ್ತದೆ. ಪರದೆ ಬೇಕೇ ಬೇಕು.

ಸುರಕ್ಷತೆಯ ಮಾತು. ಬಾಗಿಲಿನ ಗಾಜು, ನೆಲದಿಂದ ಎರಡೂವರೆ ಅಡಿಗಿಂತ ಕೆಳಗಿನಿಂದಲೇ ಶುರುವಾಗುವ ಕಿಟಕಿ, ಬಚ್ಚಲು, ಮೆಟ್ಟಿಲ ಬದಿ, ಇಲ್ಲೆಲ್ಲ ಸಾದಾ ಗಾಜು ಬೇಡ. ಟಫನ್ ಮಾಡಿದ ಗಾಜನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ಥಟ್ಟನೆ ತಣಿಸಿರುತ್ತಾರೆ. ನಾಲ್ಕೈದು ಪಟ್ಟು ಗಟ್ಟಿ, ಒಡೆದರೆ ಕಲ್ಲುಸಕ್ಕರೆಯಂಥ ಚೂರುಗಳಾಗುತ್ತವೆ, ಚೂರಿಯಂಥ ಸೀಳುಗಳಲ್ಲ. ಕಾವಿನ ಸೀಳನ್ನೂ ಅದು ತಡೆಯುತ್ತದೆ. ಈಗ ನಮ್ಮ ಪಡುವಣ ಕಿಟಕಿಯಲ್ಲಿ ಅದೇ ಇದೆ. ಟಫನ್ ಮಾಡಿದ ಮೇಲೆ ಅದನ್ನು ಕತ್ತರಿಸಲಾಗದು, ತೂತು ಕೊರೆಯಲಾಗದು. ಅಳತೆ ತಪ್ಪಿದರೆ ಗಾಜು ದಂಡ. ಮೂಲೆಯಲ್ಲಿ ಅಳಿಸಲಾಗದ ಗುರುತು, ಐಎಸ್ 2553 ಸಂಖ್ಯೆ ಇದೆಯೇ ನೋಡಿ. ಲ್ಯಾಮಿನೇಟೆಡ್ ಗಾಜೆಂದರೆ ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಇಟ್ಟು ಅಂಟಿಸಿದ್ದು. ಒಡೆದರೂ ಉದುರುವುದಿಲ್ಲ, ಕಳ್ಳನಿಗೆ ತ್ರಾಸು, ರಸ್ತೆಯ ಸದ್ದನ್ನೂ ತಗ್ಗಿಸುತ್ತದೆ. ಸದ್ದಿನ ಕಾಟವಿರುವವರು ಮೊದಲು ಸಂದುಗಳನ್ನು ಮುಚ್ಚಿಸಿ, ಗಾಜಿನ ಮಾತು ಆಮೇಲೆ.

ಅಳತೆ, ದರಪಟ್ಟಿ

ಅಗಲವನ್ನು ಮೇಲೆ, ನಡುವೆ, ಕೆಳಗೆ. ಎತ್ತರವನ್ನು ಎಡಕ್ಕೆ, ನಡುವೆ, ಬಲಕ್ಕೆ ಅಳೆಯಿರಿ. ಹಳೆಯ ಕಲ್ಲುಗೋಡೆಯ ಮನೆಗಳಲ್ಲಿ ಮೂರೂ ಒಂದೇ ಬಂದರೆ ಇನ್ನೊಮ್ಮೆ ಅಳೆಯಿರಿ, ಎಲ್ಲೋ ತಪ್ಪಿದೆ! ಎರಡು ಕರ್ಣಗಳನ್ನೂ ಅಳೆದರೆ ಕಿಟಕಿ ಓರೆಯಾಗಿದೆಯೇ ತಿಳಿಯುತ್ತದೆ. ಎಲ್ಲಕ್ಕಿಂತ ಚಿಕ್ಕ ಅಳತೆ ಹಿಡಿದು, ಅದರಲ್ಲಿ ಸುತ್ತಲೂ 5 ಮಿ.ಮೀ. ಕಳೆದರೆ ಚೌಕಟ್ಟಿನ ಅಳತೆ. ಕೊನೆಯ ಅಳತೆಯನ್ನು ಮಾಡಿಕೊಡುವವರೇ ಬಂದು ತೆಗೆಯಲಿ, ಬರೆದು ಸಹಿ ಹಾಕಲಿ. ಬಡಿಗರು ಸೂತದಲ್ಲಿ, ಅಂದರೆ ಅಂಗುಲದ ಎಂಟನೆಯ ಒಂದರಲ್ಲಿ ಹೇಳುತ್ತಾರೆ, ಕಾರ್ಖಾನೆ ಮಿಲಿಮೀಟರಿನಲ್ಲಿ ಕೇಳುತ್ತದೆ. ನಡುವೆ ಅನುವಾದ ನೀವು ಮಾಡಬೇಡಿ.

ಚದರಡಿಯ ದರವನ್ನು ಮಾತ್ರ ಹೋಲಿಸಿದರೆ ಮೋಸ ಹೋಗುತ್ತೀರಿ. ಗಾಜಿನ ಬಗೆ, ದಪ್ಪ, ಬಿಜಾಗರಿ, ಹಿಡಿಕೆ, ಜಾಲರಿ, ಒಳಗಿನ ಉಕ್ಕು, ಸಾಗಾಟ, ಹಳೆಯದನ್ನು ಕೀಳುವ ಕೂಲಿ, ಗಿಲಾವು ತುಂಬುವುದು, ಜಿಎಸ್‌ಟಿ, ಎಲ್ಲ ಸೇರಿದೆಯೇ ಎಂದು ಬರೆಸಿಕೊಳ್ಳಿ. ಕೆಲವೆಡೆ ಗಾಜಿನ ಅಳತೆಯನ್ನು ಮುಂದಿನ ಮೂರು ಅಥವಾ ಆರು ಅಂಗುಲಕ್ಕೆ ಏರಿಸಿ ಬಿಲ್ಲು ಮಾಡುವ ರೂಢಿಯಿದೆ, ಅದನ್ನೂ ಮೊದಲೇ ಕೇಳಿ.

ಕೂಡಿಸುವ ದಿನ

ಸಂಕ್ರಾಂತಿ ಮತ್ತು ಯುಗಾದಿಯ ನಡುವೆ ಕೆಲಸ ಇಟ್ಟುಕೊಳ್ಳಿ. ದಿನಕ್ಕೊಂದು ಕೋಣೆ, ಎಲ್ಲ ಕಿಟಕಿ ಒಮ್ಮೆಲೇ ಕಿತ್ತು ಕೂತವರ ಮನೆಯಲ್ಲಿ ನಾನು ಚಹಾ ಕುಡಿದಿದ್ದೇನೆ, ಚಹಾದಲ್ಲಿ ಸುಣ್ಣವಿತ್ತು. ಚೌಕಟ್ಟನ್ನು ಮೂಲೆಗಳಿಂದ ಒಂದು ಗೇಣಿನಷ್ಟು ದೂರದಲ್ಲಿ, ಆಮೇಲೆ ಎರಡೆರಡು ಅಡಿಗೆ ಒಂದರಂತೆ ಗೋಡೆಗೆ ಸ್ಕ್ರೂ ಹಾಕಿ ಬಿಗಿಯಬೇಕು. ಸುತ್ತಲಿನ ಸಂದಿಗೆ ಫೋಮ್, ಅದರ ಮೇಲೆ ಸಿಲಿಕೋನ್. ಸಿಲಿಕೋನ್ ಹಚ್ಚುವಾಗ ವಿನೆಗರ್ ವಾಸನೆ ಬಂದರೆ ನಿಲ್ಲಿಸಿ. ಆ ಬಗೆಯದು ಲೋಹವನ್ನೂ ಗಾಜಿನ ಲೇಪನವನ್ನೂ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದೇ ಬೇಕು. ಹಸಿ ಸಿಮೆಂಟ್ ಅಲ್ಯುಮಿನಿಯಂಗೆ ತಗಲಿದರೆ ಕಲೆ ಹೋಗುವುದಿಲ್ಲ. ಪಟ್ಟಿಗಳ ಮೇಲಿನ ರಕ್ಷಣಾ ಹಾಳೆಯನ್ನು ಗೃಹಪ್ರವೇಶಕ್ಕೆ ಎಂದು ಇಟ್ಟುಕೊಳ್ಳಬೇಡಿ, ನಮ್ಮ ಬಿಸಿಲಿನಲ್ಲಿ ಕೆಲವೇ ವಾರಗಳಲ್ಲಿ ಅದು ಬೆಂದು ಅಂಟಿಬಿಡುತ್ತದೆ.

ಬೆಳಗಾವಿಯ ಓದುಗರಿಗೆ ಇಲ್ಲಿ ಒಂದು ತಿದ್ದುಪಡಿ. ನಿಮ್ಮಲ್ಲಿ ಮಳೆ ನಮ್ಮ ಎರಡು ಪಾಲು, ಜೊತೆಗೆ ಪಡುವಣ ಗಾಳಿ ಅದನ್ನು ಅಡ್ಡಡ್ಡ ಬೀಸಿ ಹೊಡೆಯುತ್ತದೆ. ನಿಮಗೆ ಬಿಸಿಲಿಗಿಂತ ನೀರೇ ದೊಡ್ಡ ಶತ್ರು. ಕಿಟಕಿಯ ಕೆಳಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ ಒಂದೂವರೆ ಅಂಗುಲ ಮುಂದೆ ಚಾಚಿರಲಿ, ಅದರ ಅಡಿಯಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು ಕೊರೆಸಿ. ಆ ಗೀರಿಲ್ಲದಿದ್ದರೆ ನೀರು ಕಲ್ಲಿನ ಅಡಿಯಲ್ಲೇ ಹರಿದು ಗೋಡೆಗೆ ಇಳಿಯುತ್ತದೆ.

ಕೊನೆಯ ಕಂತು ಕೊಡುವ ಮೊದಲು ಮೂರು ಪರೀಕ್ಷೆ. ಬಾಗಿಲಿನ ಸಂದಿನಲ್ಲಿ ಪತ್ರಿಕೆಯ ಹಾಳೆ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಧೂಳೂ ಬರುತ್ತದೆ. ರಾತ್ರಿ ಒಬ್ಬರು ಹೊರಗಿನಿಂದ ಟಾರ್ಚ್ ಬಿಡಲಿ, ಒಳಗೆ ದೀಪ ಆರಿಸಿ ಅಂಚುಗಳನ್ನು ನೋಡಿ. ಪೈಪಿನಿಂದ ಹತ್ತು ನಿಮಿಷ ಹೊರಗಿನಿಂದ ನೀರು ಹೊಡೆಸಿ. ಚೌಕಟ್ಟಿನೊಳಗೆ ಹೋದ ನೀರು ಕೆಳಗಿನ ಸಣ್ಣ ಕಿಂಡಿಗಳಿಂದ ಹೊರಗೇ ಬರಬೇಕು. ಆ ಕಿಂಡಿಗಳು ಧೂಳಿನಿಂದ ಮುಚ್ಚಿಹೋಗುತ್ತವೆ. ಪ್ರತಿ ವರ್ಷ ರೋಹಿಣಿ ಮಳೆಗೆ ಮುಂಚೆ ಕಸಬರಿಗೆಯ ಒಂದು ಕಡ್ಡಿಯಿಂದ ಚುಚ್ಚಿ ತೆರವು ಮಾಡಿ.